ಸೇತುವೆ ಮೇಲಿನ ನೀರು

ಇಂಗ್ಲಿಷಿನ ಬಿಡಿ ಪದಗಳಿಗೆ ನಾನು ಹೆದರುವವನಲ್ಲ. ಗೊತ್ತಿಲ್ಲದಿದ್ದರೆ ಡಿಕ್ಷನರಿ ಇದೆ, ಅದು ಕೈಗೆ ಸಿಗದಿದ್ದರೆ ಮುಗುಳ್ನಗೆ ಇದೆ. ನನ್ನ ಹೆದರಿಕೆಯೆಲ್ಲ ನುಡಿಗಟ್ಟುಗಳದು. ಅವು ಬೀಗರ ಹಾಗೆ. ಒಬ್ಬೊಬ್ಬರಾಗಿ ಸಿಕ್ಕಾಗ ಏನೂ ತೊಡಕಿಲ್ಲ. ನಾಲ್ಕು ಜನ ಒಟ್ಟಿಗೆ ಬಂದು ಕೂತರೋ, ಆಡಿದ ಮಾತಿಗೆ ಅರ್ಥವೇ ಬೇರೆ. ‘ರೇನ್’ ಗೊತ್ತು, ‘ಕ್ಯಾಟ್’ ಗೊತ್ತು, ‘ಡಾಗ್’ ಅಂತೂ ನಮ್ಮ ಓಣಿಯಲ್ಲೇ ಬೇಕಾದಷ್ಟಿವೆ. ಈ ಮೂರೂ ಕೂಡಿದರೆ ಜಡಿಮಳೆ ಯಾಕಾಗುತ್ತದೆ ಅನ್ನುವುದನ್ನು ಮಾತ್ರ ಯಾರೂ ನನಗೆ ಸಮಾಧಾನವಾಗುವ ಹಾಗೆ ಹೇಳಿಲ್ಲ.

ಹಾಗೆ ನೋಡಿದರೆ ಹೊಸಪೇಟೆಯವರಿಗೆ ಜಡಿಮಳೆಯ ನುಡಿಗಟ್ಟು ಬೇಕಾಗಿಯೂ ಇಲ್ಲ. ನಮಗೆ ಮಳೆ ಬರುವುದು ಕಡಿಮೆ, ನೀರು ಬರುವುದು ಹೆಚ್ಚು. ಮಳೆ ಸುರಿಯುವುದು ಅತ್ತ ಶೃಂಗೇರಿ, ತೀರ್ಥಹಳ್ಳಿಯ ಕಡೆ. ಬೆಕ್ಕು ನಾಯಿಗಳೇನಿದ್ದರೂ ಅಲ್ಲೇ ಬೀಳುತ್ತವೆ. ತುಂಗೆ ಭದ್ರೆಯರು ಕೂಡಲಿಯಲ್ಲಿ ಕೈ ಹಿಡಿದುಕೊಂಡು ನಮ್ಮೂರ ತನಕ ಬರುವಷ್ಟರಲ್ಲಿ ಮೋಡ ಗೀಡ ಎಲ್ಲ ಹಿಂದೆಯೇ ಉಳಿದಿರುತ್ತದೆ. ನಾವು ತಲೆಗೆ ಟವೆಲ್ ಹಾಕಿಕೊಂಡು, ಬಿಸಿಲಲ್ಲಿ ಬೆವರುತ್ತಾ, ಟಿಬಿ ಡ್ಯಾಂ ತುಂಬುವುದನ್ನು ನೋಡುತ್ತೇವೆ. ಟಿಬಿ ಅಂದೊಡನೆ ಪರವೂರಿನವರು ಒಂದು ಹೆಜ್ಜೆ ಹಿಂದೆ ಸರಿದು ಕರವಸ್ತ್ರ ತೆಗೆಯುವುದುಂಟು. ನಮಗೆ ಅದು ಕಾಯಿಲೆಯಲ್ಲ, ವಿಳಾಸ.

ಈ ನುಡಿಗಟ್ಟಿನ ಉಪದ್ರವ ನನಗೆ ಅಂಟಿಕೊಂಡಿದ್ದು ಪಕ್ಕದ ಮನೆಯ ಹುಡುಗಿಯಿಂದ. ಅವಳು ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಪರೀಕ್ಷೆಗೆ ಓದುತ್ತಿದ್ದಾಳೆ. ಆ ಪರೀಕ್ಷೆಯಲ್ಲಿ ಒಂದು ನುಡಿಗಟ್ಟು ಕೊಟ್ಟು, ಕೆಳಗೆ ನಾಲ್ಕು ಅರ್ಥ ಇಟ್ಟು, ಸರಿಯಾದದ್ದನ್ನು ಆರಿಸು ಅನ್ನುತ್ತಾರೆ. ನಾಲ್ಕೂ ನನಗೆ ಸರಿಯಾಗೇ ಕಾಣುತ್ತವೆ. ಆದರೂ ಅವಳು ಗೈಡು ಹಿಡಿದುಕೊಂಡು ನಮ್ಮ ಜಗಲಿಗೇ ಬರುತ್ತಾಳೆ, ಏಕೆಂದರೆ ಓಣಿಯಲ್ಲಿ ನಾನು ಇಂಗ್ಲಿಷ್ ಬಲ್ಲವನೆಂದು ಹೆಸರಾಗಿದೆ. ಹೆಸರು ಬಂದ ಬಗೆ ಇಷ್ಟೇ: ಹಿಂದೊಮ್ಮೆ ನಾನು ಬಸ್‌ಸ್ಟ್ಯಾಂಡಿನಲ್ಲಿ ಬಿಳಿಯನೊಬ್ಬನಿಗೆ ಹಂಪಿಯ ಬಸ್ಸು ತೋರಿಸಿದ್ದನ್ನು ಓಣಿಯವರು ದೂರದಿಂದ ಕಂಡಿದ್ದರು. ತೋರಿಸಿದ್ದು ಬೆರಳಿನಿಂದ ಎಂಬುದು ಅಷ್ಟು ದೂರಕ್ಕೆ ಕಂಡಿರಲಿಕ್ಕಿಲ್ಲ.

“ಅಂಕಲ್, ‘ಎ ರೋಲಿಂಗ್ ಸ್ಟೋನ್ ಗ್ಯಾದರ್ಸ್ ನೋ ಮಾಸ್’ ಅಂದ್ರ ಏನ್ರಿ?”

ಉರುಳುವ ಕಲ್ಲಿಗೆ ಪಾಚಿ ಹತ್ತುವುದಿಲ್ಲ, ಒಂದು ಕಡೆ ನಿಲ್ಲದವನು ಏನನ್ನೂ ಕೂಡಿಡಲಾರ ಎಂದೆ. ಅವಳು ಹಂಪಿಯ ದಿಕ್ಕಿಗೆ ಕಣ್ಣು ಹೊರಳಿಸಿ, “ಉರುಳದ ಕಲ್ಲಿಗೆ ಹತ್ತತೈತೇನ್ರಿ?” ಎಂದಳು. ಯೋಚಿಸಬೇಕಾದ ಮಾತೇ. ಹಂಪಿಯ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಬಂಡೆಯ ಮೇಲೆ ಬಂಡೆ, ಅದರ ಮೇಲೆ ಇನ್ನೊಂದು, ಈಗ ಬಿದ್ದೀತು ಆಗ ಬಿದ್ದೀತು ಅನ್ನುವ ಹಾಗೆ ಕೂತಿವೆ. ನಮ್ಮ ಅಜ್ಜಂದಿರ ಅಜ್ಜಂದಿರೂ ಹೀಗೇ ಹೆದರಿ ಸರಿದು ನಡೆದವರು. ಕೂತ ಕಲ್ಲು ಉರುಳಲಿಲ್ಲ, ನಮ್ಮ ಬಿಸಿಲಿಗೆ ಪಾಚಿಯೂ ಕಟ್ಟಲಿಲ್ಲ. ಗಾದೆ ಕಟ್ಟಿದ ದೊರೆಗಳ ಊರಿನಲ್ಲಿ ಮೂರು ದಿನ ಕೂತರೆ ಮನುಷ್ಯನಿಗೇ ಪಾಚಿ ಹತ್ತುತ್ತಿತ್ತೇನೋ.

‘ಲೀವ್ ನೋ ಸ್ಟೋನ್ ಅನ್‌ಟರ್ನ್ಡ್’ ಎನ್ನುವುದನ್ನು ಮಾತ್ರ ವಿವರಿಸಬೇಕಾಗಿ ಬರಲಿಲ್ಲ. ಒಂದು ಕಲ್ಲನ್ನೂ ಬಿಡದೆ ಮಗುಚಿ ನೋಡುವುದು ಇಂಗ್ಲೆಂಡಿನಲ್ಲಿ ನುಡಿಗಟ್ಟು, ನಮ್ಮ ಕಡೆ ಪೊಲೀಸ್ ಕೇಸು. ನಿಧಿಯಾಸೆಗೆ ನಂದಿಯ ಬುಡ ಅಗೆಯುವವರು ಈ ವಾಕ್ಯವನ್ನು ಓದದೆಯೇ ಪಾಲಿಸಿಕೊಂಡು ಬಂದವರು.

ಹಂಪಿಗೂ ಇಂಗ್ಲಿಷಿಗೂ ಇರುವ ನಂಟೇ ಒಂದು ಬಗೆ. ‘ಕ್ವೀನ್ಸ್ ಬಾತ್’ ಅಂತ ಫಲಕ ಹಾಕಿದ ಕಟ್ಟಡದಲ್ಲಿ ಯಾವ ರಾಣಿ ಮಿಂದಳೆಂದು ಯಾವ ಶಾಸನವೂ ಹೇಳುವುದಿಲ್ಲ. ಅತ್ತ ಹೊಳೆಯಾಚೆ ವಿರುಪಾಪುರಗಡ್ಡೆಯಲ್ಲಿ ಹೋಟೆಲುಗಳಿದ್ದ ಕಾಲದಲ್ಲಿ ಮೆನುವಿನಲ್ಲಿ ‘ಹೆಲೋ ಟು ದ ಕ್ವೀನ್’ ಎಂಬ ತಿಂಡಿ ಇರುತ್ತಿತ್ತು: ಬಿಸ್ಕತ್ತು, ಬಾಳೆಹಣ್ಣು, ಐಸ್‌ಕ್ರೀಮು, ಮೇಲೆ ಚಾಕೊಲೇಟಿನ ಅಭಿಷೇಕ. ಇಸ್ರೇಲಿನ ಹುಡುಗರಿಗೆ ಬಲು ಪ್ರೀತಿ. ಈಚೆ ದಡದಲ್ಲಿ ಸ್ನಾನ, ಆಚೆ ದಡದಲ್ಲಿ ಫಲಾಹಾರ, ನಡುವೆ ರಾಣಿ ನಾಪತ್ತೆ. ಆ ದಡದಿಂದ ಈ ದಡಕ್ಕೆ ಹರಿಗೋಲು. ಅದರಲ್ಲಿ ಒಬ್ಬ ಫ್ರೆಂಚ್ ಯುವತಿ, ಒಂದು ಮೋಟರ್‌ಬೈಕು, ಹುಲ್ಲಿನ ಹೊರೆ, ಆನೆಗೊಂದಿಯ ಅಜ್ಜಿ ಎಲ್ಲ ಒಟ್ಟಿಗೆ ಗಿರಗಿರ ತಿರುಗುತ್ತಾ ಹೋಗುವಾಗ ‘ಇನ್ ದ ಸೇಮ್ ಬೋಟ್’ ಅನ್ನುವುದಕ್ಕೆ ಬೇರೆ ಗೈಡು ಯಾಕೆ? ಅಂಬಿಗ ಒಂದು ಸಲ ಹುಟ್ಟು ಎತ್ತಿ ಹಿಡಿದು ಬೀಡಿ ಹಚ್ಚಿಕೊಂಡರೆ ಸಾಕು, ಐದೂ ಖಂಡದವರಿಗೆ ಅರ್ಥವಾಗುತ್ತದೆ.

ಕರಡಿಯ ಮಾತು ಮರೆತೆ. ನಮ್ಮ ಕಮಲಾಪುರದ ಆಚೆ ದರೋಜಿ ಕರಡಿಧಾಮ ಇರುವುದು ನಿಮಗೆ ಗೊತ್ತು. ಆ ಕಡೆಯ ಹಳ್ಳಿಯ ನಮ್ಮ ಸಂಬಂಧಿಕನೊಬ್ಬ ಯಾವುದೋ ಫೋನಿನ ಸಹಾಯವಾಣಿಗೆ ದೂರು ಹೇಳಲು ಹೋದ. ಆಚೆಯಿಂದ ಹೆಣ್ಣುದನಿ ‘ಪ್ಲೀಸ್ ಬೇರ್ ವಿತ್ ಮಿ’ ಅಂದಿತಂತೆ. ಇವನು ದೂರು ಬಿಟ್ಟು, ಬಾಗಿಲು ಹಾಕ್ಕೊಳ್ಳವ್ವಾ, ಕೂಗಾಡಬ್ಯಾಡ, ಅದು ತಾನಾಗೇ ಹೊಕ್ಕೈತಿ ಎಂದು ಧೈರ್ಯ ಹೇಳತೊಡಗಿದ. ರಾತ್ರಿ ಹೊಲ ಕಾಯುವವನಿಗೆ ಮೊದಲು ನೆನಪಾಗುವ ಅರ್ಥ ಅದೇ. ಡಿಕ್ಷನರಿಯಲ್ಲೂ ಅದೇನು ತಪ್ಪಲ್ಲ.

ಡಿಕ್ಷನರಿ ಅಂದೆನಲ್ಲ, ಬಳ್ಳಾರಿ ಸೀಮೆಗೆ ಅದರ ಋಣ ಹಳೆಯದು. ಬಳ್ಳಾರಿಯ ಮಿಷನ್ನಿನಲ್ಲಿದ್ದ ವಿಲಿಯಂ ರೀವ್ ಎಂಬ ಪಾದ್ರಿ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದ. ಎಲ್ಲರೂ ಕೊಂಡಾಡುವ ಕಿಟೆಲರ ಕೋಶ ಬಂದದ್ದು 1894ರಲ್ಲಿ, ಆಮೇಲೆ. ನಮ್ಮ ಬಿಸಿಲಿನಲ್ಲಿ ಕೂತು ಆ ಪುಣ್ಯಾತ್ಮ ಅಷ್ಟೊಂದು ಶಬ್ದ ಹೆಕ್ಕಿದ್ದು ಪರೀಕ್ಷೆ ಪಾಸಾಗಲಿಕ್ಕಲ್ಲ, ಸಂತೆಯಲ್ಲಿ ಜನ ಏನನ್ನುತ್ತಿದ್ದಾರೆಂದು ತಿಳಿಯಲೇಬೇಕಿತ್ತು. ಬೇಕಿದ್ದವನಿಗೆ ಭಾಷೆ ಬರುತ್ತದೆ, ನಾಲ್ಕರಲ್ಲಿ ಒಂದನ್ನು ಆರಿಸುವವನಿಗೆ ಅಂಕ ಬರುತ್ತದೆ.

ಸಂಡೂರಿಗೆ ಹೋಗಿ ನೋಡಿ, ಗೊತ್ತಾಗುತ್ತದೆ. ‘ಹೌ ಆರ್ ಯು’ ಅಂದರೆ ‘ಐ ಯಾಮ್ ಫೈನ್’ ಅನ್ನಬೇಕೆಂದು ಶಾಲೆಯಲ್ಲಿ ಕಲಿಸುತ್ತಾರೆ. ಅಲ್ಲಿ ಫೈನ್ಸ್ ಅಂದರೆ ಅದಿರಿನ ಪುಡಿ, ಗಟ್ಟಿಗೆ ಲಂಪ್ಸ್. ಪುಡಿ ಹೆಚ್ಚು ಹೇರಿದ ಲಾರಿಗೆ ಬೀಳುವುದೂ ಫೈನು. ಎರಡು ಫೈನಿನ ನಡುವೆ ಸಿಕ್ಕಿಕೊಂಡ ಡ್ರೈವರನ್ನು ಹೇಗಿದ್ದೀಯಪ್ಪ ಅಂದರೆ ಮೂರನೆಯ ಫೈನು ಅವನ ಬಾಯಿಂದ ಬರುವುದು ಕಷ್ಟ. ‘ವೆನ್ ದ ಡಸ್ಟ್ ಸೆಟಲ್ಸ್’, ಧೂಳು ಅಡಗಿದ ಮೇಲೆ ನೋಡೋಣ ಎಂಬ ಮಾತೂ ಅಲ್ಲಿ ನಡೆಯದು. ಅದಿರಿನ ಧೂಳು ಅಡಗುವುದೇ ಮನೆಯ ಮಾಳಿಗೆ ಮೇಲೆ, ಒಣಹಾಕಿದ ಹಪ್ಪಳದ ಮೇಲೆ, ಬಿಳಿ ಎತ್ತಿನ ಬೆನ್ನ ಮೇಲೆ. ಇಂಗ್ಲಿಷನ್ನೇ ಯಾಕೆ ದೂರಬೇಕು, ನಮ್ಮ ಗಾದೆಯೂ ಸಂಡೂರಿನಲ್ಲಿ ಸೋತಿತು. ಬೆಟ್ಟ ಅಗೆದರೆ ಇಲಿ ಸಿಗಬೇಕು. ಚೀನಾ ಅದಿರಿಗೆ ಬಾಯಿ ತೆರೆದಿದ್ದ ಆ ದಿನಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಬೆಟ್ಟ ಅಗೆದವರಿಗೆ ಹೆಲಿಕಾಪ್ಟರ್ ಸಿಕ್ಕಿತು. 2011ರಲ್ಲಿ ಸುಪ್ರೀಂ ಕೋರ್ಟು ಗಣಿ ನಿಲ್ಲಿಸಿ ಅಂದಾಗ ಗಾದೆ ಸ್ವಲ್ಪ ಚೇತರಿಸಿಕೊಂಡಿತು.

ಇನ್ನು ಕಂಪ್ಲಿ. ಗಂಗಾವತಿಯಲ್ಲೊಂದು ಮದುವೆ, ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಗೋಡೆ ಗಡಿಯಾರ. ಕಂಪ್ಲಿ ಸೇತುವೆಗೆ ಬಂದರೆ ಪೊಲೀಸರು ಅಡ್ಡ ನಿಂತಿದ್ದಾರೆ. ಡ್ಯಾಮಿನಿಂದ ಬಿಟ್ಟ ನೀರು ಸೇತುವೆಯನ್ನು ಹತ್ತಿ ಹೊರಟಿದೆ. ಕೆಂಪು ನೀರು, ಅದರಲ್ಲೊಂದು ಬಾಳೆಗಿಡ ಬೇರುಸಮೇತ ಮೆರವಣಿಗೆ ಹೊರಟಿತ್ತು. ‘ವಾಟರ್ ಅಂಡರ್ ದ ಬ್ರಿಡ್ಜ್’ ಅಂದರೆ ಆಗಿಹೋದ ಮಾತು, ಕೆದಕಬಾರದ್ದು ಎಂದು ಆ ಹುಡುಗಿಗೆ ಹೇಳಿಕೊಟ್ಟವನು ನಾನೇ. ಸೇತುವೆ ಮೇಲಿನ ನೀರಿಗೆ ಏನನ್ನಬೇಕೆಂದು ಯಾವ ಗೈಡಿನಲ್ಲೂ ಇಲ್ಲ.

ಚಹಾ ಅಂಗಡಿಯಲ್ಲಿ ಒಗ್ಗರಣಿ ಮಿರ್ಚಿ ತಿನ್ನುತ್ತಾ ಕೂತಾಗ ಉತ್ತರ ಸಿಕ್ಕಿತು. ಎದುರಿಗೆ ಭತ್ತದ ರೈತರೊಬ್ಬರು ಫೋನ್ ಕಿವಿಗಿಟ್ಟುಕೊಂಡು, “ಇನ್‌ಫ್ಲೋ ಎಷ್ಟೈತಿ? ಔಟ್‌ಫ್ಲೋ ಎಷ್ಟು ಬಿಟ್ಟಾರ?” ಎಂದು ಕೇಳುತ್ತಿದ್ದರು. ಸಹಿ ಮಾಡಲು ಹೆಬ್ಬೆಟ್ಟೇ ಗತಿಯಂತೆ. ಆದರೆ ಹನ್ನೊಂದೂವರೆ ಸಾವಿರ ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ ಹೆಚ್ಚುಕಡಿಮೆ ಒಂದು ಟಿಎಂಸಿ ಎಂಬ ಲೆಕ್ಕ ಅವರ ಬೆರಳ ತುದಿಯಲ್ಲಿತ್ತು. ಡ್ಯಾಂ 1633 ಅಡಿಗೆ ತುಂಬಿದರೆ 105 ಟಿಎಂಸಿ ಚಿಲ್ಲರೆ, ಹೂಳು ತುಂಬುವ ಮೊದಲು 133 ಇತ್ತು, ಎಲ್ಲ ಬಾಯಿಪಾಠ. ವಿಜಯನಗರದ ಅರಸರು ಕಾಲುವೆಗಳಿಗೆ ರಾಯ, ಬಸವಣ್ಣ, ತುರ್ತಾ ಎಂದು ಹೆಸರು ಉಳಿಸಿಹೋದರು. ಆಮೇಲೆ ಬಂದ ಕಾಲುವೆಗಳಿಗೆ ಎಚ್‌ಎಲ್‌ಸಿ, ಎಲ್‌ಎಲ್‌ಸಿ. ರೈತನಿಗೆ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. “ಮಗಳನ್ನ ಟೇಲೆಂಡಿಗೆ ಕೊಟ್ಟೀನ್ರಿ,” ಎಂದು ಅವರು ನಿಟ್ಟುಸಿರಿಟ್ಟರು. ಕಾಲುವೆಯ ಕೊನೆಯ ಊರು, ನೀರು ಮುಟ್ಟಿದರೆ ಮುಟ್ಟಿತು. ಅಳಿಯನ ಹೊಲ, ಮಗಳ ಸಂಸಾರ, ಮಾವನ ಚಿಂತೆ ಮೂರೂ ಆ ಒಂದು ಪದದಲ್ಲಿ ಅಡಗಿದ್ದವು. ನಾನು ಬುಕ್ಕಸಾಗರದ ಕಡೆ ಸುತ್ತು ಹಾಕಿ ಮದುವೆಮನೆ ಮುಟ್ಟುವಷ್ಟರಲ್ಲಿ ಪಂಕ್ತಿ ಎದ್ದಿತ್ತು. ಊಟದಲ್ಲಿ ನಾನೂ ಟೇಲೆಂಡು.

ಅಂಥವರಿಗೆ 2024ರ ಆಗಸ್ಟ್ 10ರ ರಾತ್ರಿ ಇನ್ನೊಂದು ಪದ ಬಂದು ಸೇರಿತು. ತುಂಬಿದ ಡ್ಯಾಮಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಹರಿವ ನೀರಿಗೆ ಎದುರಾಗಿ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ತಡೆಯಬೇಕು, ಅದಕ್ಕೆ ‘ಸ್ಟಾಪ್‌ಲಾಗ್’ ಎನ್ನುತ್ತಾರೆ ಎಂದು ಗೊತ್ತಾದದ್ದೇ ತಡ, ಕ್ಷೌರದಂಗಡಿಯಲ್ಲಿ, ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ, ಗುಡಿಯ ಕಟ್ಟೆಯ ಮೇಲೆ ಎಲ್ಲರೂ ಎಂಜಿನಿಯರುಗಳೇ. ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರು ಬಂದು ನಿಂತರು. ವಾರ ಕಳೆಯುವಷ್ಟರಲ್ಲಿ ತುಂಡುಗಳು ಇಳಿದವು, ನೀರು ನಿಂತಿತು, ಊರು ಉಸಿರು ಬಿಟ್ಟಿತು. ಪದ ಮಾತ್ರ ನೀರಿನ ಜೊತೆ ಹೋಗಲಿಲ್ಲ. ಮೊನ್ನೆ ನಾನು ಬೀಗರಿಗೆ ಫೋನಿನಲ್ಲಿ ಇದನ್ನೆಲ್ಲ ಸವಿಸ್ತಾರ ವಿವರಿಸುತ್ತಿದ್ದೆ. ರೀವ್ ಪಾದ್ರಿಯ ಹತ್ತಿರ ಬಂದಿದ್ದೆನೋ ಏನೋ, ಅಡುಗೆಮನೆಯಿಂದ ನನ್ನಾಕೆ ಕೂಗಿದಳು: “ಸಾರು ಆರಾಕತ್ತೈತಿ, ಸ್ಟಾಪ್‌ಲಾಗ್ ಇಳಸ್ತೀರೋ, ನಾನೇ ಬಂದು ಇಳಸ್ಲೋ?”

ಒಂದೇ ತುಂಡಿಗೆ ಹೊರಹರಿವು ನಿಂತಿತು.