ಎರಡು ಬೇರಿಂಗಿನ ಸಂಸಾರ

ನನ್ನ ಷಡ್ಡಕರು ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ಬೆಂಗಳೂರಿನ ಅವರ ಮನೆಯಲ್ಲಿ ಮೂರು ವಾಹನಗಳಿವೆ: ಮಗನ ಕಾರು, ಅವರದೊಂದು ಹಳೇ ಸ್ಕೂಟರು, ಮತ್ತೆ ಒಂದೂವರೆ ಅಡಿ ಉದ್ದದ ನೈಟ್ರೋ ರಿಮೋಟ್ ಕಾರು. ಮೊದಲೆರಡಕ್ಕೆ ವರ್ಷಕ್ಕೊಮ್ಮೆ ಸರ್ವೀಸ್ ಆದರೆ ಪುಣ್ಯ. ಮೂರನೆಯದಕ್ಕೆ ದಿನವೂ ಅಭ್ಯಂಜನ.

ಅದನ್ನು ಆಟದ ಸಾಮಾನು ಎಂದಿರೋ, ಕೆಟ್ಟಿರಿ. “ಮೂರೂವರೆ ಸಿಸಿ ಎಂಜಿನ್ ರೀ ಇದು! ನಿಮ್ಮ ಕಾರು ನಿಮಿಷಕ್ಕೆ ಆರು ಸಾವಿರ ಸುತ್ತಿಗೇ ಏದುಸಿರು ಬಿಡುತ್ತೆ. ಇದು ಮೂವತ್ತು ಸಾವಿರ!”

ಮೊನ್ನೆ ಭಾನುವಾರ ಹೋದಾಗ ಅವರ ಮುಖ ಬಾಡಿತ್ತು. ಎಂಜಿನ್ನನ್ನು ನನ್ನ ಕಿವಿಗೆ ಹಿಡಿದು ಕ್ರ್ಯಾಂಕ್ ತಿರುಗಿಸಿದರು. ಬೀಸುವ ಕಲ್ಲಿಗೆ ಮರಳು ಸಿಕ್ಕಂತೆ ಕರಕರ. “ಬೇರಿಂಗ್ ಹೋಯ್ತು” ಎಂದರು, ಮನೆಯ ಹಿರಿಯರು ಹೋದರು ಎನ್ನುವ ದನಿಯಲ್ಲಿ. ಇಂಧನದ ಮೆಥನಾಲ್ ಗಾಳಿಯ ತೇವ ಹೀರುತ್ತದಂತೆ. ಓಡಿಸಿದ ಮೇಲೆ ಎಣ್ಣೆ ಬಿಡದೆ ಇಟ್ಟರೆ ಬೇರಿಂಗ್ ಗುಂಡುಗಳಿಗೆ ತುಕ್ಕು ಹಿಡಿಯುತ್ತದಂತೆ. ಮಗಳ ಮದುವೆಯ ಗಡಿಬಿಡಿಯಲ್ಲಿ ಮರೆತಿದ್ದರು. “ಮುಹೂರ್ತ ಒಂದು ತಿಂಗಳು ಮುಂದಕ್ಕೆ ಹಾಕಬಹುದಿತ್ತು” ಎಂದು ಈಗಲೂ ನೊಂದುಕೊಳ್ಳುತ್ತಾರೆ.

ಹೊಸದಕ್ಕಾಗಿ ಜೆ.ಸಿ. ರಸ್ತೆಯ ಅಂಗಡಿಗಳನ್ನೆಲ್ಲ ಹತ್ತಿಳಿದರಂತೆ. “ಒಳಗೆ 14, ಹೊರಗೆ 25.4 ಮಿಲಿಮೀಟರ್.” “ಯಾವ ಗಾಡಿಗೆ ಸಾರ್?” ಎಂದವನಿಗೆ ಎರಡೂ ಕೈ ಅಗಲಿಸಿ ತೋರಿಸಿದರಂತೆ, “ಇಷ್ಟುದ್ದದ್ದು.”

ಶಸ್ತ್ರಚಿಕಿತ್ಸೆ ನಡೆದದ್ದು ಅಡುಗೆಮನೆಯಲ್ಲಿ. ಕಾರ್ಬುರೇಟರ್, ಪಿಸ್ಟನ್, ಕ್ರ್ಯಾಂಕ್ ಎಲ್ಲ ಬಿಚ್ಚಿ ಊಟದ ತಟ್ಟೆಯಲ್ಲಿ ಬಾಳಕದ ಹಾಗೆ ಜೋಡಿಸಿದರು. ಬೋಳು ಕ್ರ್ಯಾಂಕ್‌ಕೇಸ್ ಓವನ್ನಿಗೆ ಹೋಯಿತು, 150 ಡಿಗ್ರಿ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಬೇರಿಂಗ್ ಹಿಡಿತ ಬಿಡುತ್ತದೆ ಎಂಬ ಪಾಠವೂ ಆಯಿತು. ಪಾಠ ಮುಗಿಯುವುದರೊಳಗೆ ಮನೆ ತುಂಬ ಹರಳೆಣ್ಣೆಯ ಘಾಟು. ಆ ಇಂಧನದಲ್ಲಿ ಅದನ್ನೂ ಬೆರೆಸಿರುತ್ತಾರೆ. ಬಾಲ್ಯದ ಭೇದಿ ನೆನಪಾಗಿ ನಾನು ಹೊಟ್ಟೆ ಹಿಡಿದುಕೊಂಡೆ.

ಷಡ್ಡಕರು ಮಸಿಬಟ್ಟೆಯಲ್ಲಿ ಕೇಸನ್ನು ಹಿಡಿದು ಚಪಾತಿ ಮಣೆಗೆ ಟಕ್ಕೆಂದು ಕುಟ್ಟಿದರು. ಹಿಂದಿನ ದೊಡ್ಡ ಬೇರಿಂಗ್ ಮಾಗಿದ ನೇರಳೆ ಹಣ್ಣಿನಂತೆ ಉದುರಿತು. ಮುಂದಿನ ಚಿಕ್ಕದನ್ನು ಮರದ ಕಡ್ಡಿಯಿಂದ ಒಳಗಿನಿಂದಲೇ ತಳ್ಳಿದರು. “ಫ್ರೀಜರಿಂದ ಹೊಸದು ತಾರೇ, ಬೇಗ!” ಬಟಾಣಿ ಪೊಟ್ಟಣದ ಪಕ್ಕ ರಾತ್ರಿಯಿಡೀ ಮಲಗಿದ್ದ ಬೇರಿಂಗುಗಳು ಚಳಿಗೆ ಮುದುಡಿ ಬಂದವು, ಬಿಸಿ ಕೇಸಿನೊಳಗೆ ಬೆರಳೊತ್ತಿಗೇ ಕೂತವು.

ಎಲ್ಲ ತಣಿದ ಮೇಲೆ ಕ್ರ್ಯಾಂಕ್ ಸೇರಿಸಿ, ಕಣ್ಣು ಮುಚ್ಚಿ ತಿರುಗಿಸಿದರು. ಒಂದಿಷ್ಟೂ ಸದ್ದಿಲ್ಲ. ಷಡ್ಡಕರ ಮುಖ ಅರಳಿತು.

ಆ ಮೌನದಲ್ಲೇ ನಡುಮನೆಯ ಸೀಲಿಂಗ್ ಫ್ಯಾನು ಕಟಕಟ ಎನ್ನುವುದು ಕೇಳಿಸಿದ್ದು.

“ಎರಡು ವರ್ಷದಿಂದ ಬಡ್ಕೋತಿದೀನಿ. ಅದಕ್ಕೂ ಎರಡೇ ಬೇರಿಂಗಂತೆ” ಎಂದರು ನಮ್ಮವಳ ಅಕ್ಕ, ಚಪಾತಿ ಮಣೆ ತೊಳೆಯುತ್ತ.

ಷಡ್ಡಕರು ತಲೆಯೆತ್ತಿ ಫ್ಯಾನನ್ನು ಗಂಭೀರವಾಗಿ ನೋಡಿದರು. “ಅದಕ್ಕೆಲ್ಲ ಎಲೆಕ್ಟ್ರಿಷಿಯನ್ನೇ ಬೇಕು ಕಣೇ. ನಮ್ಮಂಥೋರಿಗೆ ಬರೋ ಕೆಲಸ ಅಲ್ಲ.”

ಇಂಥವರು ನಿಮ್ಮ ಮನೆಯಲ್ಲೂ ಇದ್ದರೆ ಒಂದು ಕಿವಿಮಾತು: ಫ್ಯಾನ್ ಕೊಳ್ಳುವಾಗ ರಿಮೋಟ್ ಇರುವುದನ್ನೇ ಕೊಳ್ಳಿ.