ಸುಶಿರಾಯರು

ಟೋಕಿಯೊದ ಪೂರ್ವಕ್ಕೆ ಎಡೊಗಾವಾ ವಾರ್ಡ್, ಅದರಲ್ಲಿ ನಿಶಿಕಸಾಯಿ. ಭಾರತದ ಸಾಫ್ಟ್‌ವೇರ್ ಸಂಸಾರಗಳು ಒತ್ತಾಗಿ ನೆಲೆಸಿರುವ ಬಡಾವಣೆ. ತೊಗರಿಬೇಳೆ, ಹುಣಸೆಹಣ್ಣು, ಸಾಸಿವೆ ಯಾವುದಕ್ಕೂ ಪರದಾಡಬೇಕಿಲ್ಲ. ಹೊಸದಾಗಿ ಹೋದ ಕನ್ನಡಿಗರು ಅನ್ನ-ಸಾರು ಉಂಡುಕೊಂಡು ಸುಖವಾಗಿಯೇ ಇರುತ್ತಾರೆ. ಹಾಗೆ ಸುಖವಾಗಿದ್ದವರಲ್ಲಿ ಒಬ್ಬರು ಇದ್ದಕ್ಕಿದ್ದಂತೆ ಸುಶಿರಾಯರಾಗುತ್ತಾರೆ. ಹುಟ್ಟೂರು ಹಾಸನವೋ ಶಿರಸಿಯೋ, ಲಕ್ಷಣ ಮಾತ್ರ ಒಂದೇ: ಮಾತಿನ ನಡುವೆ ಮೊಬೈಲ್ ತೆಗೆದು ಅನ್ನದ ಫೋಟೊ ತೋರಿಸುತ್ತಾರೆ. ಬರೀ ಅನ್ನದ್ದು.

ಈ ಕಾಯಿಲೆ ಬಹುಮಟ್ಟಿಗೆ ಅಂಟುವುದು ಒಂದು ಸಾಕ್ಷ್ಯಚಿತ್ರದಿಂದ. ಗಿಂಜಾದ ನೆಲಮಾಳಿಗೆಯಲ್ಲಿ ಪುಟ್ಟ ಅಂಗಡಿ ನಡೆಸಿದ ಜಿರೊ ಓನೊ ಅವರನ್ನು ಕುರಿತು 2011ರಲ್ಲಿ ಬಂದ ಚಿತ್ರ ಅದು. ಅದರಲ್ಲೊಬ್ಬ ಶಿಷ್ಯ ಮೊಟ್ಟೆಯ ತಮಾಗೊಯಾಕಿಯನ್ನು ಸುಮಾರು 200 ಸಲ ಮಾಡಿ, ಪ್ರತಿ ಸಲವೂ ಬೇಡ ಅನ್ನಿಸಿಕೊಂಡು, ಕೊನೆಗೊಮ್ಮೆ ಗುರು ಒಪ್ಪಿದಾಗ ಅತ್ತುಬಿಟ್ಟೆ ಎನ್ನುತ್ತಾನೆ. ನೋಡಿದ ಬೇರೆಯವರಿಗೆ ಶಿಷ್ಯನ ಮೇಲೆ ಕನಿಕರ ಹುಟ್ಟುತ್ತದೆ. ರಾಯರಿಗೆ ಹುಟ್ಟುವುದು ಪ್ರಾಜೆಕ್ಟ್ ಪ್ಲಾನ್. ಹತ್ತು ವರ್ಷದ ಶಿಷ್ಯವೃತ್ತಿಯನ್ನು ಎರಡು ವಾರಾಂತ್ಯಕ್ಕೆ ಇಳಿಸುವ ಅಂದಾಜು ಆ ರಾತ್ರಿಯೇ ಸಿದ್ಧವಾಗುತ್ತದೆ.

ಮೊದಲ ಯಾತ್ರೆ ಕಪ್ಪಾಬಾಶಿಗೆ. ಉಯೆನೊ ಮತ್ತು ಅಸಾಕುಸಾದ ನಡುವಿನ ಆ ಬೀದಿಯ ಉದ್ದಕ್ಕೂ ಅಡುಗೆಮನೆಯ ಸಾಮಾನಿನ ಅಂಗಡಿಗಳೇ. ಹೋಟೆಲಿನ ಕಿಟಕಿಯಲ್ಲಿ ಇಡುವ ಪ್ಲಾಸ್ಟಿಕ್ ಸುಶಿಯೂ ಅಲ್ಲಿ ಸಿಗುತ್ತದೆ. ಅದನ್ನು ಕೊಂಡು ಬಂದಿದ್ದರೆ ಎಲ್ಲರಿಗೂ ಕ್ಷೇಮವಿತ್ತು. ರಾಯರು ತರುವುದು ಅನ್ನ ಹರಡುವ ಮರದ ಹಾಂಗಿರಿ, ಬಿದಿರಿನ ಮಾಕಿಸು ಚಾಪೆ, ಜೊತೆಗೆ ಒಂದೇ ಬದಿಗೆ ಸಾಣೆ ಹಿಡಿದ ಮೊಳದುದ್ದದ ಯಾನಾಗಿಬಾ ಚಾಕು. ಹಸಿಮೀನನ್ನು ಒಂದೇ ಎಳೆತಕ್ಕೆ ಕೊಯ್ಯಲೆಂದು ಮಾಡಿದ ಆಯುಧ ಅದು. ಹೆಂಡತಿ ಸಸ್ಯಾಹಾರಿಯಾದ್ದರಿಂದ ಸದ್ಯಕ್ಕೆ ಅದರಲ್ಲಿ ಸೌತೆಕಾಯಿ ಹೆಚ್ಚುತ್ತಾರೆ. ಆ ಚಾಕುವಿಗೆ ಅಜ್ಜಿಯ ಮಡಿಬಟ್ಟೆಗಿಂತ ಹೆಚ್ಚು ಕಟ್ಟುಪಾಡು: ಬೇರೆಯವರು ಮುಟ್ಟುವಂತಿಲ್ಲ, ಸಿಂಕಿಗೆ ಹಾಕುವಂತಿಲ್ಲ, ನಿಂಬೆಹಣ್ಣಿಗೆ ತಾಗಿಸುವಂತಿಲ್ಲ.

ಅನ್ನದ ಅಧ್ಯಾಯ ದೊಡ್ಡದು. ಮೊದಲ ಸಲ ಮನೆಯಲ್ಲಿದ್ದ ಸೋನಾ ಮಸೂರಿಯಲ್ಲೇ ಸುತ್ತಲು ಹೋದರು. ಬಿಡಿಬಿಡಿಯಾಗಿ ಅರಳುವುದೇ ಆ ಅಕ್ಕಿಯ ಹೆಚ್ಚುಗಾರಿಕೆ, ಹಾಗಾಗಿ ಚಾಕು ತಾಗಿದ್ದೇ ತಡ, ಸುರುಳಿ ಒಡೆದು ಚಿತ್ರಾನ್ನದಂತೆ ಹರಡಿಕೊಂಡಿತು. ಅಂದಿನಿಂದ ಮನೆಗೆ ಬಂದವರಿಗೆಲ್ಲ ಅಮೈಲೋಸ್ ಪಾಠ: ಅದು ಕಡಿಮೆಯಿದ್ದರೆ ಅಂಟು, ಹೆಚ್ಚಿದ್ದರೆ ಉದುರು. ಈಗ ಕೊಶಿಹಿಕಾರಿ ಅಕ್ಕಿ ಮಾತ್ರ. ನೀರು ತಿಳಿಯಾಗುವವರೆಗೆ ತೊಳೆದು, ಅರ್ಧ ಗಂಟೆ ನೆನೆಸಿ, 450 ಗ್ರಾಂ ಅಕ್ಕಿಗೆ ಸುಮಾರು 60 ಮಿ.ಲೀ. ಅಕ್ಕಿ ವಿನೆಗರ್, ಸಕ್ಕರೆ, ಉಪ್ಪು. ಕಲಸಬಾರದು, ಹುಟ್ಟಿನಿಂದ ಕೊಯ್ಯಬೇಕು. ರಾಯರು ಕೊಯ್ಯುತ್ತಿರುವಷ್ಟು ಹೊತ್ತೂ ಪಕ್ಕದಲ್ಲಿ ಒಬ್ಬರು ನಿಂತು ಬೀಸಣಿಗೆ ಬೀಸಬೇಕು. ಆ ಒಬ್ಬರು ಯಾರೆಂದು ಹೇಳಬೇಕಾಗಿಲ್ಲ. ಏರ್ ಕಂಡಿಷನರ್ ಇರುವ ಮನೆಯಲ್ಲಿ ಅನ್ನಕ್ಕೆ ಚಾಮರ ಸೇವೆ ಮಾಡಿದ ಕಥೆಯನ್ನು ಆಕೆ ತವರಿಗೆ ಫೋನ್ ಮಾಡಿದಾಗಲೆಲ್ಲ ಹೇಳುತ್ತಾರೆ.

ಊಟಕ್ಕೆ ಕರೆದರೆ ಹೋಗಬೇಕು, ಆದರೆ ಉಂಡುಕೊಂಡು ಹೋಗುವುದು ವಾಸಿ. ಸುರುಳಿಗೆ ಸುತ್ತುವ ನೊರಿ ಪಾಚಿಯ ಹಾಳೆಯನ್ನು ಕೈಗೆತ್ತಿಕೊಂಡರೆಂದರೆ ರಾಯರು ಇಂಗ್ಲೆಂಡಿಗೆ ಹೊರಟರು ಅಂತಲೇ ಅರ್ಥ. ಈ ಪಾಚಿಯ ಜೀವನಚಕ್ರದ ಗುಟ್ಟನ್ನು 1949ರಲ್ಲಿ ಬಯಲು ಮಾಡಿದವರು ಮ್ಯಾಂಚೆಸ್ಟರಿನ ವಿಜ್ಞಾನಿ ಕ್ಯಾಥ್ಲೀನ್ ಡ್ರೂ-ಬೇಕರ್. ಅದರಿಂದ ಜಪಾನಿನ ನೊರಿ ಬೆಳೆಗಾರರ ಬಾಳು ನೇರವಾಯಿತು. ಜಪಾನನ್ನು ಕಾಣದೆಯೇ ತೀರಿಕೊಂಡ ಆಕೆಗೆ ಕುಮಾಮೊಟೊದ ಉಟೊದಲ್ಲಿ ಸ್ಮಾರಕ ಕಟ್ಟಿ ಈಗಲೂ ಪ್ರತಿವರ್ಷ ನೆನೆಯುತ್ತಾರೆ. ಸೊಗಸಾದ ಕಥೆಯೇ ಸರಿ. ಹಸಿದವರಿಗೆ ಹೇಳುವಂಥದ್ದಲ್ಲ, ಅಷ್ಟೆ.

ಮೀನಿನ ಕಥೆಗೆ ಅವರು ಆರಿಸಿಕೊಳ್ಳುವ ಮುಹೂರ್ತ ಇನ್ನೂ ವಿಶೇಷ. ಅತಿಥಿ ಬಂಗುಡೆಯ ತುಂಡನ್ನು ಬಾಯಿಗಿಟ್ಟುಕೊಂಡ ಮೇಲೆ ಅನಿಸಾಕಿಸ್ ಎಂಬ ಹುಳುವಿನ ಮಾತು ತೆಗೆಯುತ್ತಾರೆ. ವಿನೆಗರಿಗೂ ವಸಾಬಿಗೂ ಅದು ಸಾಯುವುದಿಲ್ಲ. ಮೈನಸ್ 20 ಡಿಗ್ರಿಯಲ್ಲಿ 24 ಗಂಟೆ ಇಟ್ಟರೆ ಸಾಯುತ್ತದೆಂದು ಜಪಾನಿನ ಆರೋಗ್ಯ ಸಚಿವಾಲಯವೇ ಹೇಳುತ್ತದೆ. "ನಮ್ಮ ಫ್ರಿಜ್ಜು ಮೈನಸ್ 18ರವರೆಗೆ ಹೋಗುತ್ತೆ," ಎಂದು ರಾಯರು ಹೆಮ್ಮೆಯಿಂದ ಸೇರಿಸುತ್ತಾರೆ. ಅತಿಥಿ ಅಗಿಯುವುದನ್ನು ನಿಲ್ಲಿಸುತ್ತಾನೆ.

ಮನೆಯೊಳಗೆ ನಿಜವಾದ ಯುದ್ಧವಾದದ್ದು ಮಿಸೊ ಸೂಪಿನಿಂದ. ಅದನ್ನು ಮೆಚ್ಚಿ ದಿನವೂ ಕುಡಿಯುತ್ತಿದ್ದ ಹೆಂಡತಿಗೆ ಒಂದು ದಿನ ಅದಕ್ಕೆ ಬಳಸುವ ದಾಶಿ ಎಂಬ ತಿಳಿಸಾರಿನ ಪ್ಯಾಕೆಟ್ಟಿನ ಮೇಲೆ ಮೀನಿನ ಚಿತ್ರ ಕಂಡಿತು. ಒಣಮೀನಿನ ಚೂರಿಲ್ಲದೆ ಜಪಾನಿನ ಸಾಮಾನ್ಯ ದಾಶಿ ಇಲ್ಲ. ರಾಯರು ವಿಜ್ಞಾನದ ಮೊರೆ ಹೊಕ್ಕರು: 1908ರಲ್ಲಿ ಕಿಕುನೆ ಇಕೆಡಾ ಎಂಬ ರಸಾಯನಶಾಸ್ತ್ರಜ್ಞರು ಉಮಾಮಿ ರುಚಿಯ ಮೂಲವನ್ನು ಬೇರ್ಪಡಿಸಿದ್ದು ಕೊಂಬು ಎಂಬ ಕಡಲಪಾಚಿಯಿಂದಲ್ಲವೇ, ಇನ್ನು ಮೀನೇಕೆ? ಹೀಗೆ ಅವರು ಬೌದ್ಧ ಮಠಗಳ ಶೋಜಿನ್ ಅಡುಗೆಗೆ ತಿರುಗಿದರು. ಕೊಂಬು, ಶಿಟಾಕೆ ಅಣಬೆ, ತೋಫು. ಈರುಳ್ಳಿ ಬೆಳ್ಳುಳ್ಳಿಗೆ ಪ್ರವೇಶವಿಲ್ಲ. ಉತ್ಸಾಹದಿಂದ ತಾಯಿಗೆ ವಿಡಿಯೊ ಕರೆ ಮಾಡಿ ವಿವರಿಸಿದರು. ತೊಚಿಗಿ ಪ್ರಾಂತದಿಂದ ಬರುವ ಕಾನ್‌ಪ್ಯೊ ಎಂಬ ಅಪೂರ್ವ ಪಟ್ಟಿಯನ್ನೂ ತೋರಿಸಿದರು.

"ಏನದು?"

"ಸೋರೆಕಾಯಿ ಅಮ್ಮಾ. ಹೆರೆದು ಒಣಗಿಸಿದ್ದು."

"ಸೋರೆಕಾಯಿ ಅಂದ್ರೆ ತಟ್ಟೆ ತಳ್ಳಿ ಎದ್ದುಹೋಗ್ತಿದ್ದೆ. ಈರುಳ್ಳಿ ಇಲ್ಲದ ಸೋರೆಕಾಯಿ ತಿನ್ನೋಕೆ ಅಷ್ಟು ದೂರ ಹೋಗಬೇಕಿತ್ತೇನೋ?"

ಎದುರು ಮನೆಯ ಜಪಾನಿ ಅಜ್ಜಿ ಮಾತ್ರ ರಾಯರಿಗೆ ನಿಷ್ಠಾವಂತ ಪ್ರೇಕ್ಷಕಿ. ತಟ್ಟೆ ತುಂಬ ನಿಗಿರಿ, ಅಂದರೆ ಅನ್ನದ ಪುಟ್ಟ ಉಂಡೆಯ ಮೇಲೆ ಮೀನಿಟ್ಟ ಸುಶಿ, ಕೊಟ್ಟರೆ ಎರಡೂ ಕೈಯಲ್ಲಿ ಪಡೆದು ಹೊಗಳುತ್ತಾರೆ; ತಟ್ಟೆ ಕಿತ್ತಳೆಹಣ್ಣು ತುಂಬಿಕೊಂಡು ವಾಪಸು ಬರುತ್ತದೆ. ಒಮ್ಮೆ ರಾಯರು ನೀವು ಯಾವ ವಿನೆಗರ್ ಹಾಕುತ್ತೀರಿ ಎಂದು ಗುರುಭಾವದಿಂದ ಕೇಳಿದರು. ಅಜ್ಜಿ ಒಳಗಿಂದ ಒಂದು ಪ್ಯಾಕೆಟ್ ತಂದು ತೋರಿಸಿದರು: ಬಿಸಿ ಅನ್ನಕ್ಕೆ ಉದುರಿಸುವ ರೆಡಿಮೇಡ್ ಪುಡಿ. ಅದೂ ಮಾರ್ಚ್ 3ರ ಬೊಂಬೆ ಹಬ್ಬಕ್ಕೆ ಚಿರಾಶಿ ಎಂಬ ಹರಡು ಸುಶಿ ಮಾಡುವಾಗ. ಮೊಮ್ಮಕ್ಕಳು ಬಂದರೆ ಎಲ್ಲ ಮೇಜಿನ ಮೇಲಿಟ್ಟು ಅವರವರೇ ಸುತ್ತಿಕೊಳ್ಳಲಿ ಎಂದು ಬಿಡುತ್ತಾರೆ. ನಿಗಿರಿಯೇ? ಅದನ್ನು ಮನೆಯಲ್ಲಿ ಯಾರು ಮಾಡುತ್ತಾರೆ! ಸಂಜೆ ಹೊತ್ತಿಗೆ ಸೂಪರ್‌ಮಾರ್ಕೆಟ್ಟಿನಲ್ಲಿ ಅರ್ಧ ಬೆಲೆಯ ಚೀಟಿ ಅಂಟಿಸುತ್ತಾರಲ್ಲ, ಆಗ ತಂದರಾಯಿತು. ಅಂದು ರಾತ್ರಿಯ ಅಡುಗೆ ಏನೆಂದರೆ, ಕರಿ. ಡಬ್ಬಿಯ ಗಟ್ಟಿ ಮಸಾಲೆ ಕರಗಿಸಿ ಮಾಡಿದ್ದು.

ಆ ದೇಶದ ಮನೆಮನೆಯ ಅಡುಗೆ ಅದೇ. ಸುಶಿ ಮನೆಯ ವಿದ್ಯೆಯಲ್ಲ, ಅಂಗಡಿಯ ವಿದ್ಯೆ; ಅನೇಕ ಅಂಗಡಿಗಳಲ್ಲೂ ಅನ್ನದ ಉಂಡೆಯನ್ನು ಈಗ ಯಂತ್ರ ಕಟ್ಟುತ್ತದೆ. ಇದನ್ನು ಕೇಳಿ ಬೇರೆಯವರಾಗಿದ್ದರೆ ಚಾಕು ಕೆಳಗಿಡುತ್ತಿದ್ದರು.

ರಾಯರು ಇನ್ನೊಂದು ಮೆಟ್ಟಿಲು ಹತ್ತಿದರು. ನಿಗಿರಿ ನಿನ್ನೆ ಮೊನ್ನೆಯದಂತೆ. 19ನೇ ಶತಮಾನದ ಆದಿಯಲ್ಲಿ ಎಡೊ, ಅಂದರೆ ಇಂದಿನ ಟೋಕಿಯೊ, ಪಟ್ಟಣದವರು ಆತುರದಲ್ಲಿ ತಿನ್ನಲು ಕಂಡುಕೊಂಡದ್ದಂತೆ. ಅಸಲಿ ಸುಶಿ ಬೇಕೆಂದರೆ ಶಿಗಾ ಪ್ರಾಂತದ ಬಿವಾ ಸರೋವರದ ಫುನಾಜುಶಿ: ಉಪ್ಪು ತುಂಬಿದ ಮೀನನ್ನು ಅನ್ನದಲ್ಲಿ ಹೂತು, ಕಲ್ಲು ಹೇರಿ, ವರ್ಷಗಟ್ಟಲೆ ಹುಳಿ ಬರಿಸುವುದು. ವಾಸನೆಗೆ ಜಪಾನಿನವರಲ್ಲೇ ಅನೇಕರು ಮೂಗು ಮುಚ್ಚುತ್ತಾರೆ. ರಾಯರು ಬಾಲ್ಕನಿಯ ಅಳತೆ ತೆಗೆದು ಮರದ ಪೀಪಾಯಿಗೆ ಬೆಲೆ ವಿಚಾರಿಸುತ್ತಿದ್ದಾರೆ. ಹೆಂಡತಿ ಬಾಡಿಗೆ ಕರಾರುಪತ್ರ ಹುಡುಕಿ ತೆಗೆದು, ಬಾಲ್ಕನಿಯಲ್ಲಿ ಏನೇನು ಇಡಬಾರದು ಎಂಬ ಪುಟವನ್ನು ಕನ್ನಡಕ್ಕೆ ಅನುವಾದ ಮಾಡಿಸುತ್ತಿದ್ದಾರೆ.