ಗೃಹ್ಯ ನೆಗಡಿ ಮೀಮಾಂಸೆ

ನೆಗಡಿಯ ಬಗ್ಗೆ ಇಲ್ಲಿಯವರೆಗೆ ನಡೆದ ಸಂಶೋಧನೆಯೆಲ್ಲ ವೈರಸ್ಸಿನ ಬೆನ್ನು ಹತ್ತಿದ್ದು. ನೆಗಡಿ ಹೊಕ್ಕ ಮನೆಯ ಗತಿಯೇನು ಎಂದು ವಿದ್ವಾಂಸರು ವಿಚಾರಿಸಿದಂತಿಲ್ಲ. ಆ ಕೊರತೆಯನ್ನು ತುಂಬುವ ಅಲ್ಪ ಪ್ರಯತ್ನವಿದು. ಅಧ್ಯಯನದ ಕಾಲ, ಆಷಾಢದ ಗಾಳಿ ಎದ್ದಲ್ಲಿಂದ ಗಣಪತಿಯನ್ನು ನೀರಿಗೆ ಬಿಡುವವರೆಗೆ. ಕ್ಷೇತ್ರ, ಹಳೇ ಮೈಸೂರು ಸೀಮೆಯ ಒಂದು ಅಡುಗೆಮನೆ. ತೌಲನಿಕ ಚರ್ಚೆಗೆ ಮಲೆನಾಡು, ಕರಾವಳಿಯ ಬೀಗರ ಮನೆಗಳು. ಆಕರಗಳು ಬಹುತೇಕ ಮೌಖಿಕ. ಕೆಲವು ಫೋನಿನಲ್ಲಿ ಬಂದವು, ಕೆಲವು ಕಾಂಪೌಂಡಿನ ಆಚೆಯಿಂದ ಬಂದವು, ಯಾವುದನ್ನೂ ಕೇಳಿ ಪಡೆದದ್ದಲ್ಲ.

ರೋಗನಿರ್ಣಯಕ್ಕೆ ಹೆಚ್ಚು ಪುಟ ಬೇಕಿಲ್ಲ. ನಮ್ಮ ದಾರ್ಶನಿಕರು ಪ್ರತ್ಯಕ್ಷ, ಅನುಮಾನ, ಶಬ್ದ ಎಂದು ಪ್ರಮಾಣಗಳನ್ನು ಎಣಿಸಿದರು. ನೆಗಡಿಯಲ್ಲಿ ಮೂರೂ ಒಟ್ಟಿಗೇ ಒದಗುತ್ತವೆ. ಸೋರುವ ಮೂಗು ಪ್ರತ್ಯಕ್ಷ. “ಆಕ್ಷೀ” ಎಂಬುದು ಶಬ್ದ. “ಬೇಡ ಬೇಡ ಅಂದ್ರೂ ರಾತ್ರಿ ಮೊಸರನ್ನ ತಿಂದ್ಯಲ್ಲ” ಎಂಬುದು ಅನುಮಾನ. ಹೀಗೆ ರೋಗ ಸಿದ್ಧವಾದ ಮೇಲೆ ಮನೆಯಲ್ಲಿ ಉಳಿಯುವ ಪ್ರಶ್ನೆ ಒಂದೇ: ತಪ್ಪು ಯಾರದು?

ಕಾರಣ ಪ್ರಕರಣ

ಈ ಪ್ರಶ್ನೆಯಿಂದ ಹುಟ್ಟಿದ ದರ್ಶನಗಳು ಹಲವು. ತಲೆಸ್ನಾನವಾದಿಗಳು ಅತಿ ಪ್ರಾಚೀನರು. ಕೂದಲು ಆರುವ ಮುಂಚೆ ಹೊಸಿಲು ದಾಟಿದ್ದೇ ಅವರಿಗೆ ಮೂಲಕಾರಣ. ದಧಿವಾದಿಗಳಿಗೆ ಮೊಸರು. ಅವರಿಂದ ಒಡೆದು ಹೋದ ಶಾಖೆಗೆ ಬಾಳೆಹಣ್ಣು. ಪಚ್ಚಬಾಳೆ ಮಾತ್ರ ಶೀತವೋ ಏಲಕ್ಕಿ ಬಾಳೆಯೂ ಶೀತವೋ ಎಂಬಲ್ಲಿ ಆ ಶಾಖೆಯವರು ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದಾರೆ. ಫ್ಯಾನುವಾದಿಗಳು ವಿದ್ಯುತ್ತಿನ ನಂತರದವರು. ಕರ್ಣವಾದಿಗಳು ಶೀತ ಒಳನುಗ್ಗುವುದು ಕಿವಿಯಿಂದಲೇ ಎಂದು ನಂಬುತ್ತಾರೆ. ಬೆಳಗಿನ ವಾಕಿಂಗಿನವರಲ್ಲಿ ಇವರನ್ನು ಮಂಕಿ ಕ್ಯಾಪಿನಿಂದ ಗುರುತಿಸಬಹುದು. ವೈರಸ್‌ವಾದಿಗಳೂ ಉಂಟು, ಸಾಮಾನ್ಯವಾಗಿ ಪಿಯುಸಿ ಸೈನ್ಸ್ ಓದುವ ವಯಸ್ಸಿನವರು. ಉಳಿದ ಪಂಥಗಳೆಲ್ಲ ಒಂದಾಗಿ ಇವರನ್ನು ನಾಸ್ತಿಕರೆಂದು ತೀರ್ಮಾನಿಸಿ, ವಾದಕ್ಕೆ ಇಳಿಯದೆ, ಕಿವಿಗೆ ಹತ್ತಿ ತುರುಕಿ ಕಾಲೇಜಿಗೆ ಕಳಿಸುತ್ತವೆ.

ತಲೆಸ್ನಾನವಾದ ತರ್ಕಶಾಸ್ತ್ರದಷ್ಟೇ ಗಟ್ಟಿ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ. ಎಲ್ಲಿ ಸೀನೋ ಅಲ್ಲಿ ಒದ್ದೆ ತಲೆ. ದಿನಾ ತಲೆಗೆ ನೀರು ಹಾಕಿಕೊಂಡೂ ಸೀನದವರನ್ನು ತೋರಿಸಿದರೆ “ಅವರದು ಹೀಟ್ ಬಾಡಿ” ಎನ್ನುತ್ತಾರೆ. ನೀರೇ ಮುಟ್ಟದೆ ಸೀನಿದವರನ್ನು ತೋರಿಸಿದರೆ “ಮೊನ್ನೇದು ಈಗ ಹೊರಗೆ ಬಂತು”. ಈ ಕೋಟೆಗೆ ಲಗ್ಗೆ ಹಾಕಲು ಇಂಗ್ಲೆಂಡಿನವರು ಒಂದು ಸಂಸ್ಥೆಯನ್ನೇ ಕಟ್ಟಬೇಕಾಯಿತು. ಸಾಲ್ಸ್‌ಬರಿ ಊರಿನ ಪಕ್ಕ 1946ರಲ್ಲಿ ಶುರುವಾದ ಕಾಮನ್ ಕೋಲ್ಡ್ ಯೂನಿಟ್ ನಲವತ್ತಕ್ಕೂ ಹೆಚ್ಚು ವರ್ಷ ನೆಗಡಿಯೊಂದನ್ನೇ ಹಿಡಿದು ಕೂತಿತ್ತು. ಅಲ್ಲಿ ಸ್ವಯಂಸೇವಕರಿಗೆ ಸ್ನಾನ ಮಾಡಿಸಿ, ಒದ್ದೆ ಮೈಯಲ್ಲೇ ಗಾಳಿ ಬೀಸುವ ಕಾರಿಡಾರಿನಲ್ಲಿ ನಿಲ್ಲಿಸಿದರು. ಗಡಗಡ ನಡುಗಿದರೇ ಹೊರತು ಅದರಿಂದ ನೆಗಡಿಯೇನೂ ಹೆಚ್ಚಲಿಲ್ಲ.

ವೈರಸ್‌ವಾದಿಗಳು ಗೆದ್ದೆವೆಂದು ಮೀಸೆ ತಿರುವುತ್ತಿರುವಾಗ, 2005ರಲ್ಲಿ ವೇಲ್ಸ್‌ನ ಕಾರ್ಡಿಫ್‌ನಿಂದ ಬೇರೆಯೇ ಸುದ್ದಿ ಬಂತು. ಅಲ್ಲಿಯವರು ತೊಂಬತ್ತು ಜನರ ಕಾಲುಗಳನ್ನು ಇಪ್ಪತ್ತು ನಿಮಿಷ ತಣ್ಣೀರಿನಲ್ಲಿ ಇರಿಸಿದರು, ಇನ್ನು ತೊಂಬತ್ತು ಜನರ ಕಾಲುಗಳನ್ನು ಖಾಲಿ ಪಾತ್ರೆಯಲ್ಲಿ. ನಾಲ್ಕೈದು ದಿನ ಕಳೆಯುವಷ್ಟರಲ್ಲಿ ತಣ್ಣೀರಿನವರಲ್ಲಿ 13 ಮಂದಿ ನೆಗಡಿಯಾಯಿತು ಎಂದರು, ಖಾಲಿ ಪಾತ್ರೆಯವರಲ್ಲಿ 5. ಮೂಗಿನಲ್ಲಿ ಮೊದಲೇ ಅಡಗಿದ್ದ ವೈರಸ್ಸಿಗೆ ಕಾಲಿನ ತಂಪು ದಾರಿ ಮಾಡಿಕೊಟ್ಟಿರಬಹುದು ಎಂಬುದು ಸಂಶೋಧಕರ ಊಹೆ. ನಮ್ಮ ಮನೆಯ ಅಜ್ಜಿಗೆ ಊಹೆಯ ಹಂಗಿಲ್ಲ. “ಬರಿಗಾಲಲ್ಲಿ ತಣ್ಣನೆ ನೆಲ ತುಳೀಬೇಡ ಅಂತ ಬಡ್ಕೊಂಡೆ” ಎಂಬ ಒಂದೇ ವಾಕ್ಯದಲ್ಲಿ ಕಾರ್ಡಿಫ್ ಅಡಕವಾಗಿದೆ.

ಇಷ್ಟೆಲ್ಲ ಪಂಥಗಳಿದ್ದೂ ಒಂದು ಕಾರಣದ ಸುದ್ದಿಗೆ ಮಾತ್ರ ಯಾರೂ ಹೋಗುವುದಿಲ್ಲ. ಅದು ಮೊಮ್ಮಗ. ರೈನೋವೈರಸ್ ಒಂದರಲ್ಲೇ 160ಕ್ಕೂ ಹೆಚ್ಚು ಬಗೆ. ಒಂದನ್ನು ಗೆದ್ದ ಮೈಗೆ ಇನ್ನೊಂದು ಹೊಚ್ಚ ಹೊಸದು. ಹೀಗಾಗಿ ಯುಕೆಜಿ ಓದುವ ಮಗು ವರ್ಷಕ್ಕೆ ಆರೆಂಟು ನೆಗಡಿಗಳನ್ನು ಟಿಫಿನ್ ಡಬ್ಬಿಯ ಜೊತೆ ಮನೆಗೆ ತರುತ್ತದೆ. ಅಜ್ಜಿ ಅದರ ಮೂಗನ್ನು ಸೆರಗಿನಿಂದ ಒರೆಸಿ, “ಎಷ್ಟು ಬಾಡಿ ಹೋಗಿದೆ ನನ್ನ ಕಂದ” ಎಂದು ಕೆನ್ನೆ ಸವರಿ, ಅದೇ ಕೈಯಲ್ಲಿ ತಮ್ಮ ಕನ್ನಡಕ ಸರಿಮಾಡಿಕೊಳ್ಳುತ್ತಾರೆ. ಎರಡು ದಿನಕ್ಕೆ ತಾವೂ ಸೀನುತ್ತಾರೆ. ಕಾರಣ? ಸೊಸೆ ಹಚ್ಚಿಟ್ಟ ಫ್ಯಾನು. ಪೌತ್ರವಾದವೆಂಬ ದರ್ಶನ ಕನ್ನಡದಲ್ಲಿ ಹುಟ್ಟಿಲ್ಲ, ಹುಟ್ಟುವ ಲಕ್ಷಣವೂ ಇಲ್ಲ. ಸೋಪು ಹಾಕಿ ಕೈ ತೊಳೆಯುವುದೇ ದೊಡ್ಡ ಮದ್ದು ಎಂದವರನ್ನು “ನಮಗೆ ಮಡಿ ಹೇಳಿಕೊಡೋಕೆ ಬಂದ” ಎಂದು ಹೊರಗೆ ಕಳಿಸಲಾಗಿದೆ.

ಕಷಾಯದ ಪಾಠ ಪರಿಷ್ಕರಣ

ಲಭ್ಯವಿರುವ ಪಾಠಗಳನ್ನು ಹೋಲಿಸಿ ನೋಡಿದರೆ ಕಷಾಯದ ಪುಡಿಯ ಮೂಲಪಾಠ ಹೀಗಿದ್ದಿರಬೇಕು: ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸು, ಮೆಂತ್ಯ, ಒಣಶುಂಠಿ. ಹಿಪ್ಪಲಿ ಕೆಲವು ಮನೆಗಳಲ್ಲಿದೆ, ಕೆಲವು ಮನೆಗಳಲ್ಲಿ ಗ್ರಂಥಪಾತವಾಗಿದೆ. ಬೆಲ್ಲ, ಹಾಲು ಸೇರಿಸಿ ಕಾಫಿಯ ಬದಲಿಗೆ ಕುಡಿಯುವ ಕರಾವಳಿಯ ಪಾಠ ಸುಖಾಂತವಾದದ್ದು. ಹಳೇ ಮೈಸೂರಿನ ಪಾಠದಲ್ಲಿ ರುಚಿಯನ್ನು ದೋಷವೆಂದೇ ಎಣಿಸಲಾಗಿದೆ. ಚಕ್ಕೆ ಸ್ಪಷ್ಟವಾಗಿ ಪ್ರಕ್ಷಿಪ್ತ. ಪಲಾವಿನಲ್ಲಿ ಹಾಯಾಗಿದ್ದ ಅದು, 2020ರಲ್ಲಿ ಆಯುಷ್ ಸಚಿವಾಲಯ ತುಳಸಿ, ದಾಲ್ಚಿನ್ನಿ, ಒಣಶುಂಠಿ, ಕಾಳುಮೆಣಸಿನ ಕಷಾಯವನ್ನು ಸೂಚಿಸಿದ ಮೇಲೆ ಇಲ್ಲಿಗೆ ನುಸುಳಿ, ಈಗ ಅನಾದಿಯೆಂದು ಹೇಳಿಕೊಳ್ಳುತ್ತಿದೆ. ಅಳತೆಯ ವಿಷಯದಲ್ಲಿ ಮಾತ್ರ ಎಲ್ಲ ಪಾಠಗಳೂ ಒಂದೇ: “ಕಣ್ಣಂದಾಜಿಗೆ ಹಾಕು.” ಯಾರ ಕಣ್ಣು ಎಂದು ಕೇಳಿದ ಸೊಸೆಯರ ಟಿಪ್ಪಣಿಗಳು ಅಪ್ರಕಟಿತವಾಗಿವೆ.

ಪ್ರಯೋಗವಿಧಿ: ಎರಡು ಲೋಟ ನೀರು ಒಂದು ಲೋಟಕ್ಕೆ ಇಳಿಯಬೇಕು. ಕುದಿಯುವಾಗ ಘಾಟಿಗೆ ಮನೆಯವರೆಲ್ಲ ಕೆಮ್ಮತೊಡಗಿದರೆ ಹದ ಬಂತೆಂದು ಅರ್ಥ. ಸ್ಟೀಲ್ ಲೋಟದ ಅಂಚಿನಲ್ಲಿ ಬೆರಳು ನಿಲ್ಲದಷ್ಟು ಬಿಸಿಯಿರುವಾಗ ಟವೆಲ್ಲಿನ ಚುಂಗಿನಲ್ಲಿ ಹಿಡಿದು ತಂದು, ರೋಗಿಯ ಮುಂದೆ ನಿಂತು, ಕಡೆಯ ಗುಟುಕಿನವರೆಗೂ ಕದಲಬಾರದು. ತಳದಲ್ಲಿ ಕೂತ ಗಸಿಯಲ್ಲೇ ಸತ್ವ ಇರುವುದರಿಂದ ಲೋಟವನ್ನು ಒಮ್ಮೆ ಅಲ್ಲಾಡಿಸಿ ಅದನ್ನೂ ಬಾಯಿಗೆ ಸುರಿಯುವುದು. ರೋಗಿಯ ಮುಖ ಎಷ್ಟು ಕಿವುಚಿತೋ ಗುಣ ಅಷ್ಟು ಬೇಗ ಎಂಬುದು ಇಲ್ಲಿನ ಮೂಲತತ್ತ್ವ.

ಪೂರ್ವಪಕ್ಷ: ಅದೇ ಕಾರ್ಡಿಫ್‌ನವರು 2008ರಲ್ಲಿ ನೆಗಡಿಯವರಿಗೆ ಬರೀ ಹಣ್ಣಿನ ಪಾನಕವನ್ನು ಬಿಸಿ ಮಾಡಿ ಕೊಟ್ಟರು. ಯಂತ್ರವಿಟ್ಟು ಅಳೆದರೆ ಮೂಗಿನ ಗಾಳಿಯ ಹರಿವು ಇದ್ದಂತೆಯೇ ಇತ್ತು, ಆದರೆ ಕುಡಿದವರು ಗಂಟಲಿಗೆ, ಕೆಮ್ಮಿಗೆ, ಸೀನಿಗೆ ಹಾಯೆನಿಸಿತು ಎಂದರು. ಹಾಗಿದ್ದರೆ ಏನಾದರೊಂದು ಬಿಸಿಯಾಗಿದ್ದರೆ ಸಾಕಲ್ಲ, ಹಿಪ್ಪಲಿ ಯಾಕೆ?

ಸಿದ್ಧಾಂತ: ಬರೀ ಬಿಸಿನೀರು ಕೊಟ್ಟರೆ ಕುಡಿದವರಿಗೆ ಹಾಯೆನಿಸೀತು, ಕೊಟ್ಟವರಿಗೆ ಏನು ಮಾಡಿದಂತಾಯಿತು? ಗೃಹಚಿಕಿತ್ಸೆ ರೋಗಿಗೆ ಮಾಡುವುದೆಂಬುದು ಸ್ಥೂಲದೃಷ್ಟಿ. ಕುಟ್ಟಾಣಿಯ ಸದ್ದು ನಿಂತರೆ ಮನೆಯವರಿಗೆ ಕೈಕಟ್ಟಿ ಕೂತಂತಾಗುತ್ತದೆ. ಆ ಸಂಕಟಕ್ಕೆ ಕಷಾಯ ರಾಮಬಾಣ.

ಪ್ರಾದೇಶಿಕ ಭೇದಗಳನ್ನು ಸಂಕ್ಷೇಪಿಸಬಹುದು. ಬಯಲುಸೀಮೆಗೆ ಹುರುಳಿಕಟ್ಟಿನ ಸಾರು, ನಾಟಿಕೋಳಿ ಸಾರು. ಮಲೆನಾಡಿಗೆ ಗದ್ದೆಯ ಏಡಿ, ಮರದ ಚಗಳಿ ಇರುವೆಯ ಚಟ್ನಿ. ಶಾಸ್ತ್ರಸಂಕಟ ಎದುರಾಗುವುದು ದೊಡ್ಡಪತ್ರೆ ತಂಬುಳಿಯಲ್ಲಿ. ದೊಡ್ಡಪತ್ರೆ ಶೀತಹಾರಿ, ಮಜ್ಜಿಗೆ ಶೀತಕಾರಿ. ರೋಗವೂ ಮದ್ದೂ ಒಂದೇ ಬಟ್ಟಲಲ್ಲಿ. ಈ ವಿರೋಧವನ್ನು ತೀರ್ಥಹಳ್ಳಿಯ ಚಿಕ್ಕಮ್ಮ ಫೋನಿನಲ್ಲೇ ಪರಿಹರಿಸಿದರು: “ತಂಬುಳಿಗೆ ಹಾಕಿದ್ ಮೇಲೆ ಅದು ಮಜ್ಜಿಗೆ ಅಲ್ಲ ಮಾರಾಯಾ.” ಇದಕ್ಕಿಂತ ಸೂಕ್ಷ್ಮವಾದ ಪರಿಹಾರ ವೇದಾಂತದಲ್ಲೂ ಕಷ್ಟ.

ಲೇಪನ ವಿಷಯದಲ್ಲಿ ಅಮೃತಾಂಜನವನ್ನು ನೆನೆಯದೆ ಮುಂದೆ ಹೋಗಲಾಗದು. ಆಂಧ್ರದ ಕಾಶೀನಾಥುನಿ ನಾಗೇಶ್ವರರಾವ್ ಅದನ್ನು 1893ರಲ್ಲಿ ಮುಂಬಯಿಯಲ್ಲಿ ಆರಂಭಿಸಿ, 1908ರಲ್ಲಿ ‘ಆಂಧ್ರಪತ್ರಿಕೆ’ ಹೊರಡಿಸಿದರು. ತಲೆನೋವಿಗೆ ಪರಿಹಾರವನ್ನು ಮೊದಲು ಸ್ಥಾಪಿಸಿ ಪತ್ರಿಕೆಯನ್ನು ಆಮೇಲೆ ಸ್ಥಾಪಿಸಿದ ದೂರದೃಷ್ಟಿ ಮೆಚ್ಚತಕ್ಕದ್ದು. ಇಂಥ ಮುಲಾಮುಗಳಲ್ಲಿರುವ ಮೆಂಥಾಲ್ ಕಟ್ಟಿದ ಮೂಗನ್ನು ನಿಜಕ್ಕೂ ಬಿಡಿಸುವುದಿಲ್ಲ. ತಂಪನ್ನು ಅರಿಯುವ ನರಗಳನ್ನು ಕೆಣಕಿ, ಗಾಳಿ ಸರಾಗವಾಗಿ ಆಡುತ್ತಿದೆ ಎಂಬ ವರದಿಯನ್ನು ಮಿದುಳಿಗೆ ಕಳಿಸುತ್ತದೆ, ಸರ್ಕಾರಿ ಪತ್ರಿಕಾ ಪ್ರಕಟಣೆಯ ಹಾಗೆ. ಎರಡು ಹೊಳ್ಳೆಗಳಲ್ಲಿ ಒಂದು ಬಿಗಿದು ಇನ್ನೊಂದು ಸಡಿಲಾಗುವ ಪಾಳಿ ಆರೋಗ್ಯವಂತರಲ್ಲೂ ಕೆಲವು ಗಂಟೆಗಳಿಗೊಮ್ಮೆ ನಡೆದೇ ಇರುತ್ತದೆ. ಜರ್ಮನಿಯ ಕೈಸರ್ ಎಂಬ ವೈದ್ಯ ಅದನ್ನು 1895ರಲ್ಲೇ ವರ್ಣಿಸಿದ. ನೆಗಡಿಯಲ್ಲಿ ಪಾಳಿ ಬದಲಾಗುವ ಹೊತ್ತಿಗೂ ಮುಲಾಮು ಹಚ್ಚುವ ಹೊತ್ತಿಗೂ ತಾಳೆಯಾದರೆ ಎಡಹೊಳ್ಳೆ ಬಿಟ್ಟುಕೊಂಡ ಕೀರ್ತಿ ಹಚ್ಚಿದವರಿಗೆ. ಬಲಹೊಳ್ಳೆ ಕಟ್ಟಿಕೊಂಡದ್ದು ರೋಗಿಯ ಹಣೆಬರಹ.

ಕಂಬಳಿ ಮುಸುಕಿ ಹಬೆ ಹಿಡಿಯುವ ವಿಧಿಯನ್ನು ವಿಸ್ತರಿಸುವುದಿಲ್ಲ. ಕುದಿವ ನೀರಿನ ತಪ್ಪಲೆ ಮಗುಚಿ ಸುಟ್ಟುಕೊಂಡ ಮಕ್ಕಳು ಆಸ್ಪತ್ರೆಗಳಿಗೆ ಬರುತ್ತಲೇ ಇರುತ್ತಾರೆ. ಮಕ್ಕಳನ್ನು ಆ ತಪ್ಪಲೆಯ ಹತ್ತಿರ ಬಿಡಬಾರದು ಎಂಬಲ್ಲಿಗೆ ಈ ಅಧ್ಯಾಯ ಮುಗಿಯಿತು. ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸಬಾರದೆಂಬ ನಿಷೇಧವನ್ನೂ ಇಲ್ಲೇ ಸೇರಿಸಿದೆ. ದೊಡ್ಡ ಮಕ್ಕಳ ಕೆಮ್ಮಿಗೆ ಅದು ಒಳ್ಳೆಯದೇ.

ಅಪವಾದ

ಫ್ಲೂ ಜ್ವರಕ್ಕೆ ಮೇಲಿನ ಸೂತ್ರಗಳು ಅನ್ವಯಿಸವು. ನೆಗಡಿ ಗಂಟಲಲ್ಲಿ ಕೆರೆತವಾಗಿ, ಹೇಳಿ ಕೇಳಿ ಬರುತ್ತದೆ. ಫ್ಲೂ ಬೆಳಿಗ್ಗೆ ನೆಟ್ಟಗಿದ್ದವರನ್ನು ಸಂಜೆಗೆ ಕೆಡವುತ್ತದೆ. ಜ್ವರ ನೂರೆರಡು ದಾಟಿ, ಮೈಕೈಯೆಲ್ಲ ಜಜ್ಜಿ ಹಾಕಿದಂತಾಗಿರುತ್ತದೆ. 1918ರ ಇನ್‌ಫ್ಲುಯೆಂಜಾಕ್ಕೆ ಭಾರತದಲ್ಲಿ ಸತ್ತವರು ಕೋಟಿ ದಾಟಿದ್ದರು. ಅದು ವೈರಸ್ಸಿನ ಕೆಲಸವೆಂದು ಪಕ್ಕಾ ಆದದ್ದು 1933ರಲ್ಲಿ, ಲಂಡನ್ನಿನಲ್ಲಿ. ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿಗೆ ರೋಗ ಅಂಟಿಸಿ ನೋಡುತ್ತಿದ್ದಾಗ, ಅದು ವಿಲ್ಸನ್ ಸ್ಮಿತ್ ಎಂಬ ವಿಜ್ಞಾನಿಯ ಮುಖಕ್ಕೆ ಸೀನಿ ಅವರಿಗೂ ಜ್ವರ ಬಂತು. ನಮ್ಮ ಕಡೆಯವರಾಗಿದ್ದರೆ ಮೊದಲು ಕೇಳುತ್ತಿದ್ದದ್ದು, ಒಂಟಿ ಸೀನೋ ಜೋಡಿ ಸೀನೋ?

ಮನೆಯ ಔಷಧಿ ಡಬ್ಬಿ ಮೂಲತಃ ಬಿಸ್ಕತ್ತಿನದು. ಅದರಲ್ಲಿ ಹೋದ ವರ್ಷ ಯಾರಿಗೋ ಬರೆದುಕೊಟ್ಟ ಆಂಟಿಬಯಾಟಿಕ್ಕಿನ ಅರ್ಧ ಸ್ಟ್ರಿಪ್ ಇದ್ದೇ ಇರುತ್ತದೆ. ಸಿಂಬಳ ಹಸಿರಾಯಿತೆಂದು ಅದನ್ನು ಹುಡುಕಿ ತೆಗೆಯುವ ಸಂಪ್ರದಾಯ ಉಂಟು. ವೈರಸ್ಸಿಗೆ ಅದು ನಾಟುವುದಿಲ್ಲ. ಹಸಿರು ನಮ್ಮದೇ ಬಿಳಿರಕ್ತಕಣಗಳ ಬಣ್ಣ. ಜ್ವರಕ್ಕೆ ಪ್ಯಾರಾಸಿಟಮಾಲ್, ಹೊಟ್ಟೆಗೆ ಗಂಜಿ, ಮೈಗೆ ನಿದ್ದೆ, ಇಷ್ಟರಲ್ಲಿ ಹೆಚ್ಚಿನವರು ಏಳುತ್ತಾರೆ. ಉಸಿರು ಸಿಕ್ಕಿಕೊಂಡರೆ, ಎದೆ ನೊಂದರೆ, ಮಂಪರು ಕವಿದರೆ, ಮೂರು ದಿನವಾದರೂ ಜ್ವರ ಬಿಡದಿದ್ದರೆ, ಅಥವಾ ರೋಗಿ ಬಸುರಿಯೋ ವೃದ್ಧರೋ ಅಸ್ತಮಾದವರೋ ಸಕ್ಕರೆ ಕಾಯಿಲೆಯವರೋ ಆಗಿದ್ದರೆ, ಪಾಠಾಂತರಗಳನ್ನು ಬದಿಗಿಟ್ಟು ಆಟೋ ಕರೆಯುವುದು.

ಕೀರ್ತಿ ವಿಭಾಗ

ನೆಗಡಿ ಎರಡು ಮೂರನೆಯ ದಿನಕ್ಕೆ ತಾರಕಕ್ಕೇರಿ, ನಾಲ್ಕಕ್ಕೆ ಇಳಿಮುಖವಾಗಿ, ವಾರ ಹತ್ತು ದಿನದಲ್ಲಿ ತಾನಾಗಿಯೇ ಜಾಗ ಖಾಲಿ ಮಾಡುತ್ತದೆ. ಕಾಗೆ ಕೂತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಸಂಬಂಧ ಹಚ್ಚುವ ಕಾಕತಾಳೀಯ ನ್ಯಾಯಕ್ಕೆ ಇದಕ್ಕಿಂತ ಫಲವತ್ತಾದ ತೋಟವಿಲ್ಲ. ಮೊದಲ ದಿನವೇ ಕಷಾಯ ಕಾಯಿಸಿದ ಅಜ್ಜಿ ದುಡುಕಿದರು. ಮರುದಿನ ರೋಗ ಹೆಚ್ಚಾಗಿ ಅವರ ಹೆಸರು ಕೆಟ್ಟಿತು. ಎರಡನೆಯ ದಿನ ಮಾತ್ರೆ ತಂದ ಮಗನದೂ ಅದೇ ಪಾಡು. ಅನುಭವಿ ಚಿಕಿತ್ಸಕರು ಮೂರನೆಯ ರಾತ್ರಿ ಕಳೆಯುವವರೆಗೆ ತುಟಿ ಬಿಚ್ಚುವುದಿಲ್ಲ. ತೀರ್ಥಹಳ್ಳಿಯ ಚಿಕ್ಕಮ್ಮನ ಫೋನು ಬಂದದ್ದು ನಾಲ್ಕನೆಯ ಬೆಳಿಗ್ಗೆ. ಅವರು ಹೇಳಿದ ಮೆಣಸಿನ ಸಾರಿಗೆ ಸಂಜೆಯೊಳಗೆ ಮೂಗು ಬಿಟ್ಟಿತು. ಇಂದಿಗೂ ಬಳಗದಲ್ಲಿ ಅವರ ಕೈಗುಣಕ್ಕೆ ಎದುರಿಲ್ಲ.

ಉಳಿದ ಪಾಲುದಾರರು ಹಕ್ಕು ಬಿಟ್ಟುಕೊಟ್ಟಿಲ್ಲ. ಒಳಗೊಳಗೇ ಕೆಲಸ ಮಾಡಿದ್ದು ತಮ್ಮ ಕಷಾಯವೇ ಎನ್ನುತ್ತಾರೆ ಅಜ್ಜಿ. ಮಾತ್ರೆಯ ಬಿಲ್ಲು ಮಗನ ಜೇಬಿನಲ್ಲಿದೆ. ಪಕ್ಕದ ಮನೆಯವರು ಕೊಟ್ಟ ದೊಡ್ಡಪತ್ರೆ ಎಲೆಗಳ ಲೆಕ್ಕ ಪಕ್ಕದ ಮನೆಯವರಲ್ಲಿದೆ. ರೋಗಿಗೆ ಈ ವಿಭಾಗದಲ್ಲಿ ಪಾಲಿಲ್ಲ. ತಲೆಗೆ ನೀರು ಹಾಕಿಕೊಳ್ಳಲು ಅವನು ಸಲ್ಲಿಸಿದ ಅರ್ಜಿಗೆ ಮಾತ್ರ ತಾತ್ಕಾಲಿಕ ಮಂಜೂರಾತಿ ಸಿಕ್ಕಿದೆ: ಭಾನುವಾರ, ಹನ್ನೊಂದರ ಮೇಲೆ, ಬಿಸಿಲು ಬಂದರೆ, ಸಾಂಬ್ರಾಣಿ ಹೊಗೆ ಹಾಕಿಸಿಕೊಳ್ಳುವ ಷರತ್ತಿಗೆ ಒಳಪಟ್ಟು.